ಕಲಬುರಗಿಯಿಂದ ಒಂದು ಸಾಹಿತ್ಯ ಪತ್ರಿಕೆ ಬೇಕು: ಊರಿನ ಕಥೆ, ಹೊರದೇಶದ ಕಥೆ ಒಂದೇ ಸಂಚಿಕೆಯಲ್ಲಿ

ಅಪ್ಪನಕೆರೆ ಓದುಗ

ಎಲ್ಲರಿಗೂ ನಮಸ್ಕಾರ. ಕಲಬುರಗಿ, ಬೀದರ್, ಯಾದಗಿರಿ ಸೇರಿ ಒಂದು ತ್ರೈಮಾಸಿಕ ಸಾಹಿತ್ಯ ಪತ್ರಿಕೆ ಹೊರಡಿಸಬೇಕು ಅನ್ನುವುದು ನನ್ನ ಆಸೆ. ಬಹಳ ದಿನದಿಂದ ತಲೆಯಲ್ಲಿದೆ. ಅದರಲ್ಲಿ ಇಲ್ಲಿಯ ಹೊಸಬರ ಕಥೆ, ಕವಿತೆ ಇರಬೇಕು. ಬೇರೆ ಭಾಷೆ, ಬೇರೆ ದೇಶದ ಬರಹವೂ ಅಷ್ಟೇ ಇರಬೇಕು. ಆದರೆ ಎರಡಕ್ಕೂ ಬೇರೆ ಬೇರೆ ವಿಭಾಗ ಬೇಡ. ಚಿಂಚೋಳಿಯ ಹುಡುಗಿ ಬರೆದ ಕಥೆ ಮುಗಿದ ಮರುಪುಟದಲ್ಲೇ ಕೀನ್ಯಾದ ಕಥೆ ಶುರುವಾಗಬೇಕು.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ನಮ್ಮ ಕಡೆಯ ಬರಹವನ್ನು ಹೊರಗಿನವರು ಹೆಚ್ಚಾಗಿ ವಿಶೇಷ ಸಂಚಿಕೆಯಲ್ಲಿ ಹಾಕುತ್ತಾರೆ. ಬರ, ಬಿಸಿಲು, ಗುಳೆ ಇವುಗಳ ವರದಿಯಂತೆ ಓದುತ್ತಾರೆ. ಕಥೆ ಹೇಗೆ ಕಟ್ಟಿದ್ದಾನೆ, ಸಾಲು ಹೇಗೆ ಬಂದಿದೆ ಅಂತ ನೋಡುವವರು ಕಮ್ಮಿ. ಜಗತ್ತಿನ ಒಳ್ಳೆ ಬರಹದ ಪಕ್ಕ ಇಟ್ಟಾಗಲೇ ನಮ್ಮ ಬರಹವನ್ನು ಬರಹ ಅಂತ ಅಳೆಯಲು ಆಗುವುದು. ಬರೆಯುವವನಿಗೂ ತಾನು ಎಲ್ಲಿದ್ದೇನೆ ಅಂತ ಗೊತ್ತಾಗುತ್ತದೆ.

ಇದು ನಮ್ಮ ನೆಲಕ್ಕೆ ಹೊಸದೂ ಅಲ್ಲ. ಕನ್ನಡದಲ್ಲಿ ಸಿಕ್ಕಿರುವ ಮೊದಲ ಕೃತಿ ಕವಿರಾಜಮಾರ್ಗ. ಸೇಡಂ ತಾಲ್ಲೂಕಿನ ಮಳಖೇಡದಲ್ಲಿ, ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿದ್ದು. ಅದು ಸಂಸ್ಕೃತದಲ್ಲಿ ಕಾವ್ಯಶಾಸ್ತ್ರ ಬರೆದ ದಂಡಿಯನ್ನು ಮುಂದಿಟ್ಟುಕೊಂಡು, ಅವನಿಂದ ಬೇಕಾದ್ದು ತೆಗೆದುಕೊಂಡು, ಕನ್ನಡಕ್ಕೆ ಬೇರೆ ದಾರಿ ಹೇಳಿತು. 1928ರಲ್ಲಿ, ನಿಜಾಮರ ಆಳ್ವಿಕೆಯಲ್ಲೇ, ಕಲಬುರಗಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ಬಿ.ಎಂ.ಶ್ರೀ. ಇಂಗ್ಲಿಷ್ ಕವಿತೆಗಳನ್ನು ತಂದು ಹೊಸಗನ್ನಡ ಕಾವ್ಯದ ಲಯವನ್ನೇ ಬದಲಿಸಿದವರು. ಹೊರಗಿನದನ್ನು ತರುವುದು, ನಮ್ಮದನ್ನು ಬರೆಯುವುದು ಎರಡೂ ಒಂದೇ ಕೆಲಸ ಅಂತ ನಾನು ನಂಬಿದ್ದೇನೆ.

ನಿಮ್ಮ ಅಭಿಪ್ರಾಯ ಹೇಳಿ. ಆಗಲ್ಲ ಅನ್ನುವವರು ಯಾಕೆ ಆಗಲ್ಲ ಅಂತಲೂ ಬರೆಯಿರಿ.

ಬೆಂಗಳೂರಲ್ಲಿರುವ ಆಳಂದದವ

ಸರ್, ಆಸೆ ಚೆನ್ನಾಗಿದೆ. ಆದರೆ ನನಗೆ ಅನುಮಾನ ಇದೆ, ಬಿಚ್ಚಿ ಹೇಳುತ್ತೇನೆ. ಕನ್ನಡದಲ್ಲಿ ಸಣ್ಣ ಪತ್ರಿಕೆಗಳ ಇತಿಹಾಸ ದೊಡ್ಡದು. ಅಡಿಗರ ಸಾಕ್ಷಿ, ಧಾರವಾಡದ ಸಂಕ್ರಮಣ, ಅನಂತಮೂರ್ತಿಯವರ ಋಜುವಾತು, ಆಮೇಲೆ ವಿವೇಕ ಶಾನಭಾಗರ ದೇಶ ಕಾಲ. ಒಂದೊಂದೂ ದೊಡ್ಡ ಕೆಲಸ ಮಾಡಿವೆ. ಆದರೆ ಅವುಗಳ ಹಿಂದೆ ಹೆಸರು ಮಾಡಿದ ಸಂಪಾದಕರಿದ್ದರು. ಬರಹಗಾರರ ಬಳಗ ಇತ್ತು. ಅಷ್ಟಿದ್ದೂ ದೇಶ ಕಾಲ 2005ರಲ್ಲಿ ಶುರುವಾಗಿ 2012ರಲ್ಲಿ ನಿಂತಿತು.

ಇಲ್ಲಿ ಯಾರು ನಡೆಸುತ್ತಾರೆ? ದುಡ್ಡು ಯಾರದು? ಉತ್ಸಾಹದಲ್ಲಿ ಎರಡು ಸಂಚಿಕೆ ತಂದು ಮೂರನೆಯದಕ್ಕೆ ನಿಂತರೆ ಹುಡುಗರ ಮನಸ್ಸು ಮುರಿಯುತ್ತದೆ. ಕಥೆ ಕೊಟ್ಟು ಕಾಯುತ್ತಾ ಕೂರುವವರು ಅವರೇ ಅಲ್ವಾ?

ಯಾದಗಿರಿ ಉಪನ್ಯಾಸಕಿ

ಆಳಂದದವರೇ, ನಿಲ್ಲುವುದನ್ನು ಸೋಲು ಅಂತ ನಾನು ಎಣಿಸುವುದಿಲ್ಲ. ದೇಶ ಕಾಲ ಏಳು ವರ್ಷದಲ್ಲಿ ಬಿಟ್ಟುಹೋದ ಕಥೆಗಳನ್ನು ನಾನು ಇವತ್ತಿಗೂ ತರಗತಿಗೆ ಒಯ್ಯುತ್ತೇನೆ.

ದೊಡ್ಡ ಊರು, ದೊಡ್ಡ ಹೆಸರು ಇಲ್ಲದೆ ಆಗಲ್ಲ ಅನ್ನುವ ಮಾತಿಗೆ ಒಂದು ಉದಾಹರಣೆ ಕೊಡುತ್ತೇನೆ. ಔರಂಗಾಬಾದ್ ನಮ್ಮ ಹಾಗೇ ಹೈದರಾಬಾದ್ ಸಂಸ್ಥಾನದಲ್ಲಿದ್ದ ಊರು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು, ಅವರು ಮರಾಠಿ ಕಡೆ ಹೋದರು. ಮರಾಠಿ ಸಾಹಿತ್ಯ ಅಂದರೆ ಪುಣೆ, ಮುಂಬೈ ಅನ್ನುವ ಕಾಲ. ಅಂಥಾದ್ದರಲ್ಲಿ 1960ರ ದಶಕದ ಕೊನೆಯಲ್ಲಿ ಔರಂಗಾಬಾದ್‌ನಿಂದ ಅಸ್ಮಿತಾದರ್ಶ ಹೊರಟಿತು. ಗಂಗಾಧರ ಪಾನತಾವಣೆ ಸಂಪಾದಕರು, ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು. ಮರಾಠಿ ದಲಿತ ಸಾಹಿತ್ಯದ ಒಂದು ಇಡೀ ತಲೆಮಾರು ಆ ಪುಟಗಳಲ್ಲಿ ಬರೆಯಿತು. ಪುಣೆಯವರು ಆಮೇಲೆ ಬಂದು ಓದಿದರು.

ನನ್ನ ಹತ್ತಿರ ಓದುವ ಮಕ್ಕಳಲ್ಲಿ ಬರೆಯುವವರು ಇದ್ದಾರೆ. ನಿಜವಾಗಿ ಇದ್ದಾರೆ. ಮೊಬೈಲಿನಲ್ಲಿ ಬರೆದು ಗ್ರೂಪಿಗೆ ಹಾಕುತ್ತಾರೆ. ಹತ್ತು ಜನ ಹೂವು ಕಳಿಸುತ್ತಾರೆ, ಅಲ್ಲಿಗೆ ಮುಗಿಯಿತು. ಈ ಸಾಲು ಬೇಡ, ಈ ಪಾತ್ರ ಇನ್ನೂ ನಿಂತಿಲ್ಲ, ಮತ್ತೆ ಬರೆ ಅಂತ ಹೇಳುವವರು ಯಾರೂ ಇಲ್ಲ. ಪತ್ರಿಕೆ ಮಾಡಬೇಕಾದ ಮೊದಲ ಕೆಲಸ ಅದು. ಅಚ್ಚು ಹಾಕುವುದು ಆಮೇಲೆ.

ಶಹಾಪುರದ ಕಥೆಗಾರ

ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ನನ್ನದೊಂದು ಅನುಭವ ಹೇಳುತ್ತೇನೆ.

ಒಂದು ಪತ್ರಿಕೆಗೆ ಕಥೆ ಕಳಿಸಿದ್ದೆ. ಶಹಾಬಾದ್ ಕಲ್ಲಿನ ಗಣಿಯಲ್ಲಿ ಕೆಲಸ ಮಾಡಿ ಬಿಟ್ಟ ಮುದುಕನ ಕಥೆ. ಅಚ್ಚಾಗಿ ಬಂತು. ಓದಿದರೆ ಮುದುಕ ಮೈಸೂರಿನವರ ಹಾಗೆ ಮಾತಾಡುತ್ತಿದ್ದಾನೆ. ಒಂದು ಮಾತೂ ಬಿಡದೆ ತಿದ್ದಿದ್ದರು. ನನ್ನನ್ನು ಕೇಳಲೂ ಇಲ್ಲ. ಊರಲ್ಲಿ ಯಾರಿಗೂ ತೋರಿಸಲು ಮನಸ್ಸಾಗಲಿಲ್ಲ.

ಗೀತಾ ನಾಗಭೂಷಣ ಅವರು ಕಲಬುರಗಿ ಸುತ್ತಿನ ಹಳ್ಳಿಯ ಮಾತನ್ನೇ ಇಟ್ಟುಕೊಂಡು ಕಾದಂಬರಿ ಬರೆದವರು. ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಷ್ಟು ದೊಡ್ಡ ಗುರುತು ಸಿಕ್ಕ ಮೇಲೂ ನಮ್ಮ ಮಾತನ್ನು ತಪ್ಪು ಕನ್ನಡ ಅಂತ ತಿದ್ದುವವರು ಇದ್ದಾರೆ. ಹೊಸ ಪತ್ರಿಕೆ ಬಂದರೆ ನನ್ನದೊಂದೇ ಬೇಡಿಕೆ. ಬರೆದವರನ್ನು ಕೇಳದೆ ಒಂದು ಸಾಲೂ ಮುಟ್ಟಬಾರದು. ಇದನ್ನು ಪತ್ರಿಕೆಯ ಒಳಪುಟದಲ್ಲೇ ಅಚ್ಚು ಹಾಕಬೇಕು.

ಯಾದಗಿರಿ ಉಪನ್ಯಾಸಕಿ

ತಮ್ಮಾ, ಒಪ್ಪಿದೆ. ಆದರೆ ಇನ್ನೊಂದು ಬದಿಯೂ ಇದೆ. ಆಡುಮಾತು ಹಾಕಿದ ಕೂಡಲೇ ಕಥೆ ಆಗುವುದಿಲ್ಲ. ಎಲ್ಲ ಪಾತ್ರವೂ ಒಂದೇ ತರಹ ಮಾತಾಡಿದರೆ ಅದೂ ಸುಳ್ಳೇ. ಸುರಪುರದ ಬೇಡರ ಮನೆಯ ಅಜ್ಜಿ, ಯಾದಗಿರಿ ಸ್ಟೇಷನ್ ಬಜಾರಿನ ಮುಸ್ಲಿಂ ವ್ಯಾಪಾರಿ, ಕಾಲೇಜು ಕಲಿತ ಮೊಮ್ಮಗಳು, ಮೂವರೂ ಬೇರೆ ಬೇರೆ ಕನ್ನಡ ಆಡುತ್ತಾರೆ. ಆ ವ್ಯತ್ಯಾಸ ಕೇಳಿಸುವ ಸಂಪಾದಕರು ಬೇಕು. ಅಂಥವರು ಈ ನೆಲದಲ್ಲೇ ಬೆಳೆದಿರಬೇಕು. ಬೆಂಗಳೂರಿನಿಂದ ಇದು ಆಗದ ಕೆಲಸ.

ಡಿಟಿಪಿ ಕೆಲಸದವ, ಸೂಪರ್ ಮಾರ್ಕೆಟ್

ನಾನು ಬರೆಯುವವನಲ್ಲ. ಬರೆದದ್ದನ್ನು ಕಂಪ್ಯೂಟರಿನಲ್ಲಿ ಪುಟ ಮಾಡುವವನು. ಕೆಲಸದ ಮಾತು ಸ್ವಲ್ಪ ಹೇಳಬಹುದಾ?

ಮೊದಲನೆಯದು ಅಕ್ಷರ. ಈಗ ಎಲ್ಲರೂ ಮೊಬೈಲಿನಲ್ಲಿ ಬರೆಯುತ್ತಾರೆ, ಅದು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್, ಮೊಬೈಲಿಗೂ ಒಂದೇ ಆದ ಅಕ್ಷರ ಸಂಕೇತ. ನಮ್ಮಲ್ಲಿ ಬಹಳ ಪ್ರೆಸ್‌ಗಳು ಇನ್ನೂ ಪೇಜ್‌ಮೇಕರ್‌ನಲ್ಲಿ ಹಳೆ ‘ನುಡಿ’ ಇಲ್ಲವೇ ‘ಶ್ರೀಲಿಪಿ’ ತಂತ್ರಾಂಶದ ಅಕ್ಷರದಲ್ಲಿ ಪುಟ ಕಟ್ಟುತ್ತವೆ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಒತ್ತಕ್ಷರ ಜಾರುತ್ತದೆ, ಅರ್ಕಾವತ್ತು ಜಾಗ ಬದಲಿಸುತ್ತದೆ. ಹೊರದೇಶದ ಹೆಸರುಗಳಲ್ಲಂತೂ ತಪ್ಪು ಜಾಸ್ತಿ. ಅದಕ್ಕೆ ಮೊದಲಿನಿಂದ ಕೊನೆಯ ತನಕ ಯೂನಿಕೋಡ್‌ನಲ್ಲೇ ಮಾಡಿ. ಪುಟ ಕಟ್ಟುವ ಇನ್‌ಡಿಸೈನ್ ತಂತ್ರಾಂಶದಲ್ಲಿ ಕನ್ನಡ ಈಗ ಸರಿಯಾಗಿ ಬರುತ್ತದೆ. ಅದೇ ಕಡತದಿಂದ ಅಚ್ಚೂ ಆಗುತ್ತದೆ, ಜಾಲಕ್ಕೂ ಹಾಕಬಹುದು. ಹುಡುಕಿದರೂ ಸಿಗುತ್ತದೆ. ಹಳೆ ನುಡಿಯಲ್ಲಿ ಕಟ್ಟಿದ ಪಿಡಿಎಫ್‌ನಲ್ಲಿ ಕನ್ನಡ ಪದ ಹುಡುಕಿದರೆ ಸಿಗುವುದಿಲ್ಲ.

ಎರಡನೆಯದು ಪುಟ. ಡೆಮಿ 1/8 ಅಳತೆ ಆದರೆ 16 ಪುಟಕ್ಕೆ ಒಂದು ಫಾರಂ, ಅಂದರೆ ಅಚ್ಚಿನ ಒಂದು ದೊಡ್ಡ ಹಾಳೆ. 128 ಪುಟ ಅಂದರೆ ಸರಿಯಾಗಿ ಎಂಟು ಫಾರಂ. 130 ಪುಟ ಮಾಡಿದರೆ ಆ ಎರಡು ಪುಟಕ್ಕೆ ಸುಮ್ನೆ ಖರ್ಚು. ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು ನೂರು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಪ್ರತಿ ಕಮ್ಮಿ ಇದ್ದರೆ ಡಿಜಿಟಲ್ ಪ್ರಿಂಟ್ ಅಗ್ಗ. ಚಂದಾದಾರರು ಹೆಚ್ಚಾದ ಮೇಲೆ ಆಫ್‌ಸೆಟ್‌ಗೆ ಹೋಗಿ. ಒಳಗೆ 70 ಜಿಎಸ್‌ಎಂ ಮ್ಯಾಪ್ಲಿಥೋ ಕಾಗದ ಸಾಕು.

ಮೂರನೆಯದು ಪ್ರೂಫ್. ಬರೆದವರೇ ಒಮ್ಮೆ ನೋಡಬೇಕು, ಬರೆಯದವರು ಇನ್ನೊಮ್ಮೆ ನೋಡಬೇಕು. ಆತುರದಲ್ಲಿ ಎಲ್ಲರೂ ಬಿಡುವುದು ಇದನ್ನೇ. ಪುಟ ಕಟ್ಟುವ ಕೆಲಸ ಮೊದಲ ವರ್ಷ ನಾನು ಮಾಡಿಕೊಡುತ್ತೇನೆ. ಒಳ್ಳೆಯ ಪುಟ ನನ್ನ ಕೈಯಿಂದ ಬರಲಿ ಅಂತ ಆಸೆ.

ಬೀದರ್ ಅನುವಾದಕಿ

ಎಲ್ಲರ ಮಾತು ಓದಿ ಖುಷಿಯಾಯಿತು. ನನಗೆ ಈ ಪತ್ರಿಕೆ ಬೇಕೇ ಬೇಕು. ಕಾರಣ ಹೇಳುತ್ತೇನೆ.

ಕನ್ನಡಕ್ಕೆ ಬರುವ ಹೊರಗಿನ ಕಥೆ ಹೆಚ್ಚಾಗಿ ಇಂಗ್ಲಿಷ್ ದಾರಿಯಿಂದ ಬರುತ್ತದೆ. ಲಾಹೋರಿನ ಕಥೆ ಕೂಡ ಲಂಡನ್ ಸುತ್ತಿ ಬರುತ್ತದೆ. ನಮ್ಮ ಮೂರು ಜಿಲ್ಲೆಯಲ್ಲಿ ಹಾಗೆ ಆಗಬೇಕಿಲ್ಲ. ಉರ್ದುವಿನಲ್ಲಿ ಓದಿ ಕನ್ನಡದಲ್ಲಿ ಬರೆಯಬಲ್ಲವರು ಬೀದರ್‌ನಲ್ಲೂ ಇದ್ದಾರೆ, ಕಲಬುರಗಿಯ ದರ್ಗಾದ ಸುತ್ತಿನ ಓಣಿಗಳಲ್ಲೂ ಇದ್ದಾರೆ. ಉರ್ದು ನಮಗೆ ಹೊರಗಿನದೂ ಅಲ್ಲ. ದಖನಿಯಲ್ಲಿ, ಅಂದರೆ ನಮ್ಮ ಕಡೆಯ ಹಳೆ ಉರ್ದುವಿನಲ್ಲಿ, ಸಿಕ್ಕಿರುವ ಅತಿ ಹಳೆಯ ಕಾವ್ಯಗಳಲ್ಲಿ ಒಂದಾದ ನಿಜಾಮಿಯ ‘ಕದಮ್ ರಾವ್ ಪದಮ್ ರಾವ್’ 15ನೇ ಶತಮಾನದಲ್ಲಿ, ಬಹಮನಿಗಳ ಕಾಲದಲ್ಲಿ, ಬೀದರ್‌ನಲ್ಲೇ ಹುಟ್ಟಿದ್ದು. ಮಳಖೇಡದ ಕನ್ನಡ, ಬೀದರ್‌ನ ದಖನಿ, ಎರಡಕ್ಕೂ ನಾವು ವಾರಸುದಾರರು. ಒಂದನ್ನೇ ಯಾಕೆ ಹಿಡಿದುಕೊಳ್ಳಬೇಕು?

ಈಗ ಹಕ್ಕಿನ ಮಾತು. ಇದನ್ನು ಎಲ್ಲರೂ ತಿಳಿದಿರಬೇಕು. ನಮ್ಮ ದೇಶದ 1957ರ ಕಾಪಿರೈಟ್ ಕಾನೂನಿನ ಪ್ರಕಾರ, ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಮಂಟೋ ತೀರಿಕೊಂಡಿದ್ದು 1955ರಲ್ಲಿ. ಅವರ ಉರ್ದು ಕಥೆಗಳು ಇಲ್ಲಿ 2016ರಿಂದ ಎಲ್ಲರವು. ಪ್ರೇಮಚಂದ್, ರಷ್ಯಾದ ಚೆಕಾಫ್ ಕೂಡ ಹಾಗೆಯೇ. ಆದರೆ ಹುಷಾರು. ಚೆಕಾಫ್ ಕಥೆಯ ಹೊಸ ಇಂಗ್ಲಿಷ್ ಅನುವಾದ ಇಟ್ಟುಕೊಂಡು ನೀವು ಕನ್ನಡ ಮಾಡಿದರೆ, ಆ ಇಂಗ್ಲಿಷ್ ಮಾಡಿದವರ ಹಕ್ಕು ಬೇರೆ ಇರುತ್ತದೆ. ಚೆಕಾಫ್ ಕಥೆಗಳನ್ನು ಹಿಂದೆ ಇಂಗ್ಲಿಷಿಗೆ ತಂದ ಕಾನ್‌ಸ್ಟನ್ಸ್ ಗಾರ್ನೆಟ್ 1946ರಲ್ಲಿ ತೀರಿಕೊಂಡರು, ಅವರ ಅನುವಾದ ಬಳಸಲು ಅಡ್ಡಿ ಇಲ್ಲ.

ನಮಗೆ ಬೇಕಾದದ್ದು ಹೊಸ ಬರಹ ಅಲ್ವಾ? ಬದುಕಿರುವ ಲೇಖಕರಿಗೆ ನೇರ ಪತ್ರ ಬರೆಯಬೇಕು. ಒಂದು ಕಥೆ, ಕನ್ನಡದಲ್ಲಿ ಮಾತ್ರ, ಒಂದು ಸಲ, ಅಚ್ಚಿಗೂ ಜಾಲಕ್ಕೂ ಅಂತ ಸ್ಪಷ್ಟವಾಗಿ ಕೇಳಬೇಕು. ಎಷ್ಟು ಪ್ರತಿ ಹಾಕುತ್ತೇವೆ, ಎಷ್ಟು ಗೌರವಧನ ಕೊಡಬಲ್ಲೆವು ಅಂತ ಮುಚ್ಚಿಡದೆ ಹೇಳಬೇಕು. ಹಕ್ಕು ಪ್ರಕಾಶಕರ ಹತ್ತಿರ ಇದ್ದರೆ ಅವರಿಂದಲೂ ಒಪ್ಪಿಗೆ ಬೇಕು. ಬಾಯಿಮಾತು ಸಾಲದು, ಬರಹದಲ್ಲಿ ಇರಬೇಕು.

ಇನ್ನೊಂದು. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ 50,000 ಪೌಂಡ್ ಬಹುಮಾನವನ್ನು ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮನಾಗಿ ಹಂಚಿದರು. ನಮ್ಮ ಪತ್ರಿಕೆಯಲ್ಲೂ ಅನುವಾದಕರ ಹೆಸರು ಲೇಖಕರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಇರಲಿ. ಕೊನೆಯಲ್ಲಿ ಕಂಸದೊಳಗೆ ತುರುಕಬೇಡಿ.

ಔರಾದ್ ಗಡಿಯಿಂದ

ಅಕ್ಕಾ, ಮರಾಠಿ ಕೆಲಸ ನನಗೆ ಬಿಡಿ. ಔರಾದ್, ಕಮಲನಗರ, ಭಾಲ್ಕಿಯಲ್ಲಿ ಮನೆ ಮಾತು ಮರಾಠಿ, ಶಾಲೆ ಮಾತು ಕನ್ನಡ ಆಗಿರುವವರು ಬೇಕಾದಷ್ಟು ಇದ್ದೇವೆ. ಅಣ್ಣಾಭಾವು ಸಾಠೆ ಅವರ ಕಥೆ ತರಬೇಕು ಅಂತ ಬಹಳ ಆಸೆ. ಅವರು ತೀರಿಕೊಂಡಿದ್ದು 1969ರಲ್ಲಿ. ನೀವು ಹೇಳಿದ ಲೆಕ್ಕದಲ್ಲಿ 2029 ಮುಗಿಯುವ ತನಕ ಅನುಮತಿ ಬೇಕು ಅಲ್ವಾ?

ಬೀದರ್ ಅನುವಾದಕಿ

ಹೌದು, ಲೆಕ್ಕ ಸರಿ. ಅದಕ್ಕಿಂತ ಮೊದಲು ಈಗ ಬರೆಯುತ್ತಿರುವ ಮರಾಠವಾಡದ ಯುವಕರನ್ನು ಕೇಳಿ ನೋಡಿ. ಲಾತೂರ್, ಉದಗೀರ್ ನಿಮಗೆ ಹತ್ತಿರ. ಕುಂತು ಮಾತಾಡಿ ಬರಬಹುದು.

ಗುರುಮಠಕಲ್

ತೆಲುಗಿನಿಂದ ನಾನು ಮಾಡುತ್ತೇನೆ. ಗುರಜಾಡ ಅಪ್ಪಾರಾವ್ 1915ರಲ್ಲಿ ತೀರಿಕೊಂಡವರು, ಅಲ್ಲಿಂದ ಶುರು ಮಾಡಬಹುದು. ಹೊಸಬರಲ್ಲಿ ತೆಲಂಗಾಣದ ಹೆಣ್ಣುಮಕ್ಕಳು ಬರೆಯುತ್ತಿರುವ ಕವಿತೆ ಬಹಳ ಗಟ್ಟಿ ಇವೆ. ನಾರಾಯಣಪೇಟೆಯಲ್ಲಿ ನಮ್ಮ ನೆಂಟರೇ ಇದ್ದಾರೆ, ಪುಸ್ತಕ ತರಿಸುವುದು ಕಷ್ಟ ಅಲ್ಲ.

ತಾಂಡಾದವಳು, ಚಿಂಚೋಳಿ

ಮೇಲೆ ಚಿಂಚೋಳಿ ಹುಡುಗಿ ಅಂತ ಓದಿದೆ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಮನೆ ಮಾತು ಲಂಬಾಣಿ, ಅಂದರೆ ಗೋರ್‌ಬೋಲಿ. ಅದಕ್ಕೆ ಅಂತ ಬೇರೆ ಲಿಪಿ ಬಳಕೆಯಲ್ಲಿಲ್ಲ. ಕರ್ನಾಟಕದಲ್ಲಿ ಕನ್ನಡ ಲಿಪಿಯಲ್ಲಿ ಬರೆಯುತ್ತೇವೆ, ಆ ಕಡೆ ತೆಲುಗು, ದೇವನಾಗರಿಯಲ್ಲಿ. ನನ್ನ ಅಜ್ಜಿಗೆ ಹಾಡು, ಕಥೆ ಬಹಳ ಬರುತ್ತವೆ. ಸುಗ್ಗಿ ಮುಗಿದ ಮೇಲೆ ಮುಂಬೈಗೆ ಕಟ್ಟಡ ಕೆಲಸಕ್ಕೆ ಹೋದವರ ಮೇಲೆ ಈಗಿನ ಹೆಂಗಸರು ಹೊಸ ಹಾಡು ಕಟ್ಟಿದ್ದಾರೆ. ಅದು ಹೊಸ ಬರಹವೇ ಅಲ್ವಾ? ಬರೆದಿಟ್ಟಿಲ್ಲ ಅಷ್ಟೇ. ಎಡಪುಟದಲ್ಲಿ ನಮ್ಮ ಮಾತು ಕನ್ನಡ ಲಿಪಿಯಲ್ಲಿ, ಬಲಪುಟದಲ್ಲಿ ಕನ್ನಡ ಅನುವಾದ ಹಾಕಬಹುದಾ? ಹಾಡಿದವರ ಹೆಸರನ್ನು ಕವಿಯ ಹೆಸರಿನ ಜಾಗದಲ್ಲೇ ಹಾಕಬೇಕು. ಜಾನಪದ ಅಂತ ಬರೆದು ಬಿಡುವುದಾದರೆ ನಾನು ಕೊಡುವುದಿಲ್ಲ.

ಅಪ್ಪನಕೆರೆ ಓದುಗ

ತಂಗೀ, ಹಾಕಲೇಬೇಕು. ನೀವು ಕೇಳಿದ ಹಾಗೇ ಹಾಕಬೇಕು. ಈ ಭಾಗದಲ್ಲಿ ಬಾಯಿಂದ ಬಂದ ಸಾಹಿತ್ಯಕ್ಕೆ ಹೆಸರಿದೆ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ ಹಿಡಿದು ಹಾಡುವವರು ಇವತ್ತಿಗೂ ಇದ್ದಾರೆ. ಪ್ರತಿ ಪದದ ಕೊನೆಗೆ ಕಟ್ಟಿದವರ ಗುರುತು ಇರುತ್ತದೆ. ನಿಮ್ಮ ಅಜ್ಜಿಗೆ, ಹಾಡು ಕಟ್ಟಿದ ಹೆಂಗಸರಿಗೆ ಆ ಮರ್ಯಾದೆ ಸಿಗಲೇಬೇಕು.

ಜೇವರ್ಗಿ ವಕೀಲ

ನೋಂದಣಿ ಬಗ್ಗೆ ಹೇಳುತ್ತೇನೆ. ನಿಗದಿತವಾಗಿ ಹೊರಡುವ ಪತ್ರಿಕೆಗೆ ನೋಂದಣಿ ಬೇಕು. ಮೊದಲು 1867ರ ಕಾನೂನು ಇತ್ತು. ಈಗ 2023ರ ಪತ್ರಿಕಾ ಮತ್ತು ನಿಯತಕಾಲಿಕ ನೋಂದಣಿ ಕಾಯ್ದೆ ಬಂದಿದೆ. 2024ರ ಮಾರ್ಚ್ 1ರಿಂದ ಜಾರಿ. ಹೆಸರು, ನೋಂದಣಿ ಎರಡಕ್ಕೂ ಆನ್‌ಲೈನ್‌ನಲ್ಲಿ, ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ಒಟ್ಟಿಗೇ ಅರ್ಜಿ ಹಾಕಬೇಕು. ಬೇರೆಯವರು ಇಟ್ಟುಕೊಂಡಿರುವ ಹೆಸರು ಸಿಗುವುದಿಲ್ಲ, ಅದಕ್ಕೆ ನಾಲ್ಕೈದು ಹೆಸರು ಯೋಚಿಸಿಕೊಂಡು ಹೋಗಿ.

ನನ್ನ ಸಲಹೆ ಏನೆಂದರೆ, ಮೊದಲು ಒಂದು ಸಂಕಲನವನ್ನು ಪುಸ್ತಕವಾಗಿ ತನ್ನಿ. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ನಮ್ಮ ದೇಶದಲ್ಲಿ ಉಚಿತ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆಯಿಂದ ಆನ್‌ಲೈನ್‌ನಲ್ಲೇ ಸಿಗುತ್ತದೆ. ಅದು ಹೇಗೆ ಹೋಗುತ್ತದೆ ನೋಡಿ, ಆಮೇಲೆ ತ್ರೈಮಾಸಿಕಕ್ಕೆ ಅರ್ಜಿ ಹಾಕಿ.

ಬ್ಯಾಂಕ್ ಖಾತೆ ಒಬ್ಬರ ಹೆಸರಲ್ಲಿ ಬೇಡ. ಟ್ರಸ್ಟ್ ಇಲ್ಲವೇ ಸಂಘ ನೋಂದಾಯಿಸಿ, ಇಬ್ಬರ ಸಹಿ ಇರಲಿ. ಗೆಳೆತನ ಉಳಿಯಬೇಕಾದರೆ ಲೆಕ್ಕ ಬಿಚ್ಚಿಟ್ಟಿರಬೇಕು.

ಬೆಂಗಳೂರಲ್ಲಿರುವ ಆಳಂದದವ

ಇಷ್ಟು ಜನ ಇಷ್ಟು ಕೆಲಸ ಹೊತ್ತುಕೊಳ್ಳುತ್ತೀರಿ ಅಂದುಕೊಂಡಿರಲಿಲ್ಲ. ನನ್ನ ಅನುಮಾನ ದುಡ್ಡಿನ ಬಗ್ಗೆ ಇನ್ನೂ ಹೋಗಿಲ್ಲ. ಜಾಹೀರಾತು ನಂಬಬೇಡಿ. ರಾಜಕೀಯದವರ ಹುಟ್ಟುಹಬ್ಬದ ಶುಭಾಶಯ ಒಂದು ಪುಟ ಬಂತು ಅಂದರೆ ಪತ್ರಿಕೆ ಮುಗಿದ ಹಾಗೆ. ವರ್ಷಕ್ಕೆ 400 ರೂಪಾಯಿ ಚಂದಾ, 300 ಜನ ಅಂತ ಇಟ್ಟುಕೊಳ್ಳಿ, 1,20,000 ರೂಪಾಯಿ. ಇದರಲ್ಲಿ ನಾಲ್ಕು ಸಂಚಿಕೆಯ ಅಚ್ಚು, ಅಂಚೆ, ಗೌರವಧನ ಎಲ್ಲ ಬರಬೇಕು. ರಿಜಿಸ್ಟರ್ಡ್ ಪೋಸ್ಟ್ ಈಗ ಬೇರೆಯಾಗಿ ಇಲ್ಲ, 2025ರಲ್ಲಿ ಸ್ಪೀಡ್ ಪೋಸ್ಟ್ ಜತೆ ಸೇರಿಸಿದ್ದಾರೆ. ಅಂಚೆ ಖರ್ಚು ಹಗುರ ಇರುವುದಿಲ್ಲ. ನಾಲ್ಕು ಸಂಚಿಕೆ ಬದಲು ಎರಡು ಮಾಡಿ, ಆದರೆ ಬರೆದವರಿಗೆ ದುಡ್ಡು ಕೊಡಿ. ಸ್ವಲ್ಪವೇ ಆದರೂ ಕೊಡಿ.

ಎರಡು ವರ್ಷ ನಡೆಸುತ್ತೇವೆ ಅಂತ ಮೊದಲ ಪುಟದಲ್ಲೇ ಬರೆಯಿರಿ. ಆಮೇಲೆ ನಿಲ್ಲಿಸಿದರೂ ಹೇಳಿ ನಿಲ್ಲಿಸಿದ ಹಾಗಾಗುತ್ತದೆ. ಹೀಗೆ ಮಾಡುವುದಾದರೆ ಮೊದಲ ಚಂದಾ ನನ್ನದು. ಇಲ್ಲಿರುವ ನಮ್ಮ ಕಡೆಯ ಹುಡುಗರನ್ನೂ ಸೇರಿಸುತ್ತೇನೆ. ಪ್ರೂಫ್ ನೋಡಲು ನನಗೆ ಕಳಿಸಿ.

ಯಾದಗಿರಿ ಉಪನ್ಯಾಸಕಿ

ಎರಡು ಸಂಚಿಕೆ ಮಾತು ನನಗೆ ಸರಿ ಕಾಣುತ್ತದೆ. ಜತೆಗೆ ಪ್ರತಿ ಸಂಚಿಕೆಯ ಕೆಲವು ಪ್ರತಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ, ಅದೇ ಅರಿವು ಕೇಂದ್ರಗಳಿಗೆ ಹೋಗಲಿ. ಹಳ್ಳಿ ಮಕ್ಕಳು ಸಂಜೆ ಕೂತು ಓದುವ ಜಾಗ ಅದು. ಊರಲ್ಲೇ ಇರುವ ಬರಹಗಾರರ ಕಥೆ ಅಲ್ಲಿ ಸಿಕ್ಕರೆ ಬರೆಯುವ ಧೈರ್ಯ ಬರುತ್ತದೆ.

ಆಫ್ರಿಕಾದ ಬರಹ ತರುವ ಮಾತು ಬಂತಲ್ಲ, ಅದಕ್ಕೆ ಒಂದು ಸೇರಿಸುತ್ತೇನೆ. 1961ರಲ್ಲಿ ಉಗಾಂಡಾದ ಕಂಪಾಲಾದಿಂದ ಟ್ರಾನ್ಸಿಷನ್ ಅನ್ನುವ ಪತ್ರಿಕೆ ಹೊರಟಿತು. ಶುರು ಮಾಡಿದವರು ಅಲ್ಲೇ ಹುಟ್ಟಿದ, ಭಾರತ ಮೂಲದ ರಜತ್ ನಿಯೋಗಿ, ಆಗ ಇನ್ನೂ ಹುಡುಗ. ಲಂಡನ್ ಕಡೆ ನೋಡದೆ ಆಫ್ರಿಕಾದ ಬರಹಗಾರರು ಒಬ್ಬರಿಗೊಬ್ಬರು ಉತ್ತರ ಕೊಡುವ ಜಾಗ ಅದಾಯಿತು. ಓದುಗರ ಪತ್ರಗಳ ಪುಟವೇ ಅದರಲ್ಲಿ ದೊಡ್ಡ ಚರ್ಚೆಯ ಜಾಗ ಆಗಿತ್ತು. ನಮ್ಮದರಲ್ಲೂ ಪತ್ರಗಳಿಗೆ ಒಂದು ಇಡೀ ಫಾರಂ ಇಡಿ ಅಂತ ನನ್ನ ಒತ್ತಾಯ.

ಶಹಾಪುರದ ಕಥೆಗಾರ

ಮುಖಪುಟಕ್ಕೆ ಸುರಪುರದ ಚಿತ್ರಕಾರರನ್ನು ಕೇಳಿದರೆ ಹೇಗೆ? ಸಂಸ್ಥಾನದ ಕಾಲದಿಂದ ಅಲ್ಲಿ ಸಣ್ಣ ಚಿತ್ರ ಬರೆಯುವ ಪರಂಪರೆ ಇದೆ. ಕಲಬುರಗಿಯಲ್ಲಂತೂ ಚಿತ್ರಕಾರ ಎಸ್.ಎಂ. ಪಂಡಿತ್ ಹೆಸರಿನ ರಂಗಮಂದಿರವೇ ಇದೆ, ಚಿತ್ರ ಕಲಿಯುವ ಹುಡುಗರು ಬೇಕಾದಷ್ಟು ಇದ್ದಾರೆ.

ಅಪ್ಪನಕೆರೆ ಓದುಗ

ಒಳ್ಳೆ ಮಾತು. ಅವರಿಗೂ ಗೌರವಧನ ಕೊಡಬೇಕು.

ಇಷ್ಟು ಹೊತ್ತು ಬಂದ ಮಾತುಗಳಿಂದ ನನಗೆ ಕಂಡ ದಾರಿ ಇದು. ಮೊದಲು 128 ಪುಟದ ಒಂದು ಸಂಕಲನ, ಪುಸ್ತಕವಾಗಿ. ಆಮೇಲೆ ವರ್ಷಕ್ಕೆ ಎರಡರಂತೆ ಎರಡು ವರ್ಷ. ಆಯ್ಕೆ ಮಾಡಲು ಮೂವರು, ಮೂರು ಜಿಲ್ಲೆಯಿಂದ ಒಬ್ಬೊಬ್ಬರು. ಬರಹ ಓದುವಾಗ ಬರೆದವರ ಹೆಸರು ಅವರಿಗೆ ಕಾಣಬಾರದು. ಪರಿಚಯ, ಜಾತಿ, ಗುರು, ಶಿಷ್ಯ ಅನ್ನುವ ಲೆಕ್ಕ ಬರಬಾರದು ಅಂದರೆ ಇದೊಂದೇ ದಾರಿ. ಆಯ್ಕೆ ಆಗದವರಿಗೂ ಯಾಕೆ ಆಗಲಿಲ್ಲ ಅಂತ ನಾಲ್ಕು ಸಾಲು ಬರೆಯಲೇಬೇಕು. ಅದಕ್ಕೆ ಸಮಯ ಹೋಗುತ್ತದೆ, ಹೋಗಲಿ. ಕೇಳದೆ ತಿದ್ದುವುದಿಲ್ಲ ಅನ್ನುವ ಮಾತು ಒಳಪುಟದಲ್ಲಿ ಅಚ್ಚಾಗುತ್ತದೆ.

ಮೊದಲ ಸಂಕಲನಕ್ಕೆ ಉರ್ದು, ಮರಾಠಿ, ತೆಲುಗು, ಗೋರ್‌ಬೋಲಿಯಿಂದ ಒಂದೊಂದು. ಹೊರದೇಶದಿಂದ ಬದುಕಿರುವ ಇಬ್ಬರು ಲೇಖಕರು. ಉಳಿದದ್ದೆಲ್ಲ ನಮ್ಮ ಮೂರು ಜಿಲ್ಲೆಯ ಹೊಸಬರದ್ದು. ಬರುವ ಭಾನುವಾರ ಬೆಳಿಗ್ಗೆ ಕಲಬುರಗಿಯಲ್ಲಿ ಕೂಡೋಣ. ಜಾಗ ನಾಳೆ ಹೇಳುತ್ತೇನೆ. ದೂರದವರು ಫೋನಿನಲ್ಲಿ ಸೇರಿ.

ತಾಂಡಾದವಳು, ಚಿಂಚೋಳಿ

ಸರ್, ಭಾನುವಾರ ನಾನು ಬರುತ್ತೇನೆ. ಮೂರು ಹಾಡು ಬರೆದುಕೊಂಡಿದ್ದೇನೆ, ಹಾಡಿದವರ ಒಪ್ಪಿಗೆಯೂ ಕೇಳಿದ್ದೇನೆ. ಒಬ್ಬರು ಒಪ್ಪಿಲ್ಲ, ಅವರದ್ದು ಬಿಡೋಣ. ಡಿಟಿಪಿ ಅಣ್ಣಾ, ನಮ್ಮ ಮಾತಿನ ಕೆಲವು ಉಚ್ಚಾರಕ್ಕೆ ಕನ್ನಡದಲ್ಲಿ ಸರಿಯಾದ ಅಕ್ಷರ ಇಲ್ಲ. ಕೆಳಗೆ ಚುಕ್ಕೆ ಹಾಕಿ ತೋರಿಸಬಹುದಾ, ಅಚ್ಚಿನಲ್ಲಿ ಬರುತ್ತದಾ?

ಡಿಟಿಪಿ ಕೆಲಸದವ, ಸೂಪರ್ ಮಾರ್ಕೆಟ್

ಬರುತ್ತದೆ ತಂಗೀ. ಯೂನಿಕೋಡ್‌ನಲ್ಲಿ ಕನ್ನಡ ಅಕ್ಷರಕ್ಕೆ ನುಕ್ತಾ, ಅಂದರೆ ಆ ಚುಕ್ಕೆ, ಇದೆ. ಎಲ್ಲ ಫಾಂಟ್‌ನಲ್ಲಿ ಚೆನ್ನಾಗಿ ಕೂರುವುದಿಲ್ಲ, ಒಂದೆರಡು ಹಾಕಿ ನೋಡಬೇಕು. ಬೀದರ್ ಅಕ್ಕನ ಉರ್ದು ಹೆಸರುಗಳಿಗೂ ಅದೇ ಬೇಕಾಗುತ್ತದೆ. ಭಾನುವಾರ ಲ್ಯಾಪ್‌ಟಾಪ್ ತರುತ್ತೇನೆ, ನಿಮ್ಮ ಹಾಡಿನ ಒಂದು ಪುಟ ಅಲ್ಲೇ ಕಟ್ಟಿ ನೋಡೋಣ.